ಮಲ್ಲಿಗೆ ಬೆಳ್ಳಗಿರಲಿ, ಕೂದಲು ಕಪ್ಪಗಿರಲಿ

ಮಲ್ಲಿಗೆ ಮುಡಿದ ಜಡೆಯ ಫೋಟೊ ತೆಗೆಯುವುದು ಕಷ್ಟ. ಹೊಸದಾಗಿ ಕ್ಯಾಮೆರಾ ಕೊಂಡವರು ಇದನ್ನು ಒಮ್ಮೆ ಪ್ರಯತ್ನಿಸಿ ನೋಡಬೇಕು. ಮಂಗಳೂರಿನಲ್ಲಿ ಮನೆಯಲ್ಲೊಂದು ಮದುವೆಯೋ ಪೂಜೆಯೋ ಇದ್ದರೆ ಶಂಕರಪುರ ಮಲ್ಲಿಗೆ ಬಂದೇ ಬರುತ್ತದೆ. ಅಕ್ಕನೋ ಚಿಕ್ಕಮ್ಮನೋ ಹೂವು ಮುಡಿದು ಕಿಟಕಿಯ ಹತ್ತಿರ ಕೂತಾಗ ಹಿಂದಿನಿಂದ, ಜಡೆಯೇ ಫ್ರೇಮಿನ ತುಂಬ ಬರುವಂತೆ ಒಂದು ಚಿತ್ರ ತೆಗೆಯಿರಿ. ಕ್ಯಾಮೆರಾ ಆಟೊದಲ್ಲೇ ಇರಲಿ. ಕೂದಲು ಬೂದಿ ಮೆತ್ತಿದ ಹಾಗೆ ಬಂದಿರುತ್ತದೆ. ಹೂವಿನ ಜಾಗದಲ್ಲಿ ಒಂದು ಬಿಳಿ ಪಟ್ಟಿ ಮಾತ್ರ. ಮೊಗ್ಗುಗಳ ಸಾಲು, ಒಂದಕ್ಕೊಂದು ತಾಗುವಲ್ಲಿ ಬೀಳುವ ಸಣ್ಣ ನೆರಳು, ಕಟ್ಟಿದ ಬಾಳೆನಾರು ಯಾವುದೂ ಕಾಣುವುದಿಲ್ಲ. ಈಗ ಉಳಿದ ಮಲ್ಲಿಗೆಯನ್ನು ಬಿಳಿ ಪಂಚೆಯ ಮೇಲೆ ಹರವಿ ಅದೇ ಕಿಟಕಿಯ ಬೆಳಕಿನಲ್ಲಿ ಇನ್ನೊಂದು ತೆಗೆಯಿರಿ. ಈ ಸಲ ಹೂವೂ ಪಂಚೆಯೂ ಎರಡು ದಿನ ಹಳತಾದಂತೆ ಮಾಸಲು ಬಣ್ಣಕ್ಕೆ ಇಳಿದಿರುತ್ತವೆ. ಹೂವು ಅದೇ, ಬೆಳಕೂ ಅದೇ. ಒಂದರಲ್ಲಿ ಸುಟ್ಟಿದೆ, ಇನ್ನೊಂದರಲ್ಲಿ ಕಂದಿದೆ.

ಕ್ಯಾಮೆರಾ ಕೆಟ್ಟಿಲ್ಲ. ಅದು ತನಗೆ ಗೊತ್ತಿರುವ ಒಂದೇ ಕೆಲಸವನ್ನು ಎರಡು ಸಲವೂ ಸರಿಯಾಗಿಯೇ ಮಾಡಿದೆ. ಎದುರಿನಿಂದ ಬರುವ ಬೆಳಕನ್ನೆಲ್ಲ ಒಟ್ಟುಗೂಡಿಸಿ ಅಳೆಯುವ ಮೀಟರ್ ಅದರೊಳಗಿದೆ. ಆ ಮೀಟರಿಗೆ ಮಲ್ಲಿಗೆ, ಕೂದಲು, ಪಂಚೆ ಎಂಬ ಭೇದವಿಲ್ಲ. ಲೋಕದ ವಸ್ತುಗಳು ಸರಾಸರಿ ನಡುಬೂದು ಬಣ್ಣದವು, ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ 18ರಷ್ಟನ್ನು ಹಿಂದಕ್ಕೆ ಕಳಿಸುತ್ತವೆ ಎಂಬ ಲೆಕ್ಕದ ಮೇಲೆ ಅದನ್ನು ಮಾಡಿರುವುದು. ಕಪ್ಪು ಹೆಚ್ಚಿದ್ದರೆ ಬೆಳಕು ಸಾಲದು ಎಂದುಕೊಂಡು ಹೆಚ್ಚು ಒಳಬಿಡುತ್ತದೆ. ಬಿಳಿ ಹೆಚ್ಚಿದ್ದರೆ ಬೆಳಕು ಜಾಸ್ತಿಯಾಯಿತೆಂದು ಕಡಿಮೆ ಮಾಡುತ್ತದೆ. ಆದ್ದರಿಂದ ಸರಿಪಡಿಸುವ ಕ್ರಮ ಮೊದಲಿಗೆ ತಲೆಕೆಳಗಾಗಿ ತೋರುತ್ತದೆ. ಬಿಳಿ ತುಂಬಿದ ಚಿತ್ರಕ್ಕೆ ಪ್ಲಸ್, ಕಪ್ಪು ತುಂಬಿದ ಚಿತ್ರಕ್ಕೆ ಮೈನಸ್. ಹೆಚ್ಚಿನ ಕ್ಯಾಮೆರಾಗಳಲ್ಲಿ ಪ್ಲಸ್-ಮೈನಸ್ ಗುರುತಿನ ಒಂದು ಗುಂಡಿಯಿದೆ. ಮೊಬೈಲಿನಲ್ಲಿ ತೆರೆಯನ್ನು ಮುಟ್ಟಿದಾಗ ಬರುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದರೆ ಅದೇ ಕೆಲಸವಾಗುತ್ತದೆ. ಜಡೆಗೆ ಮೈನಸ್ ಒಂದು, ಪಂಚೆಗೆ ಪ್ಲಸ್ ಒಂದು ಕೊಟ್ಟು ಮತ್ತೆ ತೆಗೆದು ನೋಡಿ. ಛಾಯಾಗ್ರಹಣದ ಮೊದಲ ಪಾಠ ಅಲ್ಲಿದೆ ಎಂದು ನಾನು ನಂಬಿದ್ದೇನೆ. ಅಪರ್ಚರ್, ಶಟರ್, ಐಎಸ್‌ಒ ಎಂಬ ಮೂರು ಹೆಸರುಗಳನ್ನು ತ್ರಿಕೋನದ ಚಿತ್ರ ಬರೆದು ಬಾಯಿಪಾಠ ಮಾಡಿಸುವ ಕ್ಲಾಸುಗಳು ಎರಡನೆಯ ಪಾಠದಿಂದ ಶುರುಮಾಡುತ್ತವೆ. ಏನು ಬೆಳ್ಳಗಿರಬೇಕು, ಏನು ಕಪ್ಪಗಿರಬೇಕು ಎಂದು ಮೊದಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಳ್ಳದವರಿಗೆ ಆ ಮೂರು ಗುಂಡಿಗಳಿಂದ ಏನೂ ಆಗದು.

ಅಮೆರಿಕದ ಆ್ಯನ್ಸೆಲ್ ಆ್ಯಡಮ್ಸ್ ಮತ್ತು ಫ್ರೆಡ್ ಆರ್ಚರ್ 1939-40ರ ಹೊತ್ತಿಗೆ ರೂಪಿಸಿದ ಜೋನ್ ಸಿಸ್ಟಮ್ ಕೂಡ ಇದೇ ಮಾತನ್ನು ಕ್ರಮವಾಗಿ ಹೇಳುತ್ತದೆ. ಕಡುಕಪ್ಪಿನಿಂದ ಅಚ್ಚ ಬಿಳಿಯವರೆಗೆ ಮೆಟ್ಟಿಲು ಮಾಡಿ, ನಡುಬೂದನ್ನು ಐದನೆಯ ಮೆಟ್ಟಿಲಲ್ಲಿ ಇಟ್ಟರು. ಮೀಟರ್ ಎಲ್ಲವನ್ನೂ ಐದಕ್ಕೆ ತಂದು ನಿಲ್ಲಿಸುತ್ತದೆ. ಅದು ನಿಜವಾಗಿ ಎಷ್ಟನೆಯ ಮೆಟ್ಟಿಲಲ್ಲಿರಬೇಕು ಎಂದು ತೀರ್ಮಾನಿಸುವುದು ಫೋಟೊ ತೆಗೆಯುವವರ ಕೆಲಸ.

ಒಂದೊಂದು ಮೆಟ್ಟಿಲಿಗೆ ಸ್ಟಾಪ್ ಎಂದು ಹೆಸರು. ಒಂದು ಸ್ಟಾಪ್ ಏರಿದರೆ ಬೆಳಕು ಇಮ್ಮಡಿ, ಇಳಿದರೆ ಅರ್ಧ. ಇದನ್ನು ಕಣ್ಣಾರೆ ಕಾಣಲು ಕರಾವಳಿಯ ಹಂಚಿನ ಮನೆಯಂಥ ಜಾಗ ಇನ್ನೊಂದಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಕೆಂಪು ಹಂಚು ಊರಿನ ಹೆಸರಿನಲ್ಲೇ ದೇಶ ವಿದೇಶಕ್ಕೆ ಹೋಯಿತು. ಕಾಂಕ್ರೀಟಿನ ಭರಾಟೆಯಲ್ಲೂ ಅಂಥ ಮನೆಗಳು ಅಲ್ಲಲ್ಲಿ ಉಳಿದಿವೆ. ಒಳಗೆ ಕತ್ತಲು, ಅಡುಗೆಮನೆಯ ಮಾಡಿನಲ್ಲಿ ಒಂದೆರಡು ಗಾಜಿನ ಹಂಚು, ಅಲ್ಲಿಂದ ಒಲೆಯ ಮೇಲೋ ಕಡೆಯುವ ಕಲ್ಲಿನ ಮೇಲೋ ಇಳಿಯುವ ಬೆಳಕಿನ ಕೋಲು. ಬೇಸಗೆಯ ಮಧ್ಯಾಹ್ನ ಅಂಗಳದಲ್ಲಿ ನಿಂತು ಮೀಟರ್ ನೋಡಿ. ಅಂಕಿಗಳ ಅರ್ಥ ಮುಂದೆ ಹೇಳುತ್ತೇನೆ. ಐಎಸ್‌ಒ 100 ಇದ್ದರೆ ಎಫ್ 8ಕ್ಕೆ ಸೆಕೆಂಡಿನ 400ನೇ ಒಂದು ಭಾಗದ ಹತ್ತಿರ ತೋರಿಸುತ್ತದೆ. ಒಳಗೆ ಹೋಗಿ, ಆ ಕೋಲಿನಿಂದ ಆಚೆ, ಗೋಡೆಯ ಬದಿಗೆ ನಿಂತವರ ಮುಖಕ್ಕೆ ಹಿಡಿದರೆ ಐಎಸ್‌ಒ 1600, ಎಫ್ 4, ಸೆಕೆಂಡಿನ 60ನೇ ಒಂದು ಭಾಗ ಬೇಕಾದೀತು. ಹೊಸ್ತಿಲು ದಾಟಿದ್ದಷ್ಟೇ, ಬೆಳಕು ಹೆಚ್ಚುಕಡಿಮೆ ಒಂಬತ್ತು ಸ್ಟಾಪ್ ಬಿದ್ದಿದೆ. ಅಂದರೆ ಐನೂರು ಪಟ್ಟು ಕಡಿಮೆ. ನಮ್ಮ ಕಣ್ಣಿಗೆ ಅಷ್ಟು ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಒಂದು ಕ್ಷಣ ಕತ್ತಲಿಟ್ಟಂತಾಗಿ ಆಮೇಲೆ ಎಲ್ಲ ಸರಿಯಾಗುತ್ತದೆ. ಕಣ್ಣು ಹಾಗೆ ಹೊಂದಿಕೊಳ್ಳುವುದರಿಂದಲೇ ಬೆಳಕನ್ನು ಅಂದಾಜು ಮಾಡುವುದನ್ನು ಬೇರೆಯಾಗಿ ಕಲಿಯಬೇಕಾಗುತ್ತದೆ.

ಅದೇ ಮನೆಯ ನೆಲದ ಮೇಲೆ ಇನ್ನೊಂದು ಪಾಠವೂ ಬಿದ್ದಿರುತ್ತದೆ. ಹಂಚುಗಳ ಸಂದಿಯಿಂದ ಬರುವ ಬಿಸಿಲು ನೆಲದಲ್ಲಿ ಗುಂಡಗಿನ ಬೊಟ್ಟುಗಳಾಗಿ ಕಾಣುತ್ತದೆ. ಸಂದಿ ಗುಂಡಗಿಲ್ಲ, ಎಲ್ಲೋ ಸೀಳು, ಎಲ್ಲೋ ಮೂಲೆ ಮುರಿದದ್ದು. ಆದರೂ ಬೊಟ್ಟು ಮಾತ್ರ ಗುಂಡಗೆ, ಯಾಕೆಂದರೆ ಅದು ಸೂರ್ಯನದೇ ಬಿಂಬ. ಸಣ್ಣ ತೂತು, ಕತ್ತಲ ಕೋಣೆ, ಎದುರಿಗೆ ಬಿಂಬ ಬೀಳಲು ಒಂದು ನೆಲ: ಕ್ಯಾಮೆರಾ ಎಂದರೆ ಇಷ್ಟೇ. ಹನ್ನೆರಡು ಅಡಿ ಎತ್ತರದಿಂದ ಬಿದ್ದರೆ ಆ ಬಿಂಬ ಒಂದೂಕಾಲು ಇಂಚಿನ ಆಸುಪಾಸಿನಲ್ಲಿರುತ್ತದೆ. 2019ರ ಡಿಸೆಂಬರ್ 26ರ ಬೆಳಿಗ್ಗೆ ಕಂಕಣ ಸೂರ್ಯಗ್ರಹಣ ಮಂಗಳೂರು, ಕಾಸರಗೋಡುಗಳ ಮೇಲಿಂದ ಹಾದುಹೋದಾಗ ಮರದ ಎಲೆಗಳ ಸಂದಿಯಿಂದ ಬಿದ್ದ ಬೊಟ್ಟುಗಳು ಮೊದಲು ಕುಡುಗೋಲಿನ ಆಕಾರಕ್ಕೆ ತಿರುಗಿ, ಆಮೇಲೆ ಬಳೆಗಳಾದವು. ಹನ್ನೊಂದನೆಯ ಶತಮಾನದಲ್ಲಿ ಇಬ್ನ್ ಅಲ್ ಹೈಥಮ್ ಗ್ರಹಣದ ಈ ಬಿಂಬಗಳನ್ನೇ ಹಿಡಿದು ಬೆಳಕಿನ ನಡೆಯನ್ನು ವಿವರಿಸಿದ್ದ.

ತೂತು ದೊಡ್ಡದಾದಷ್ಟೂ ಬೆಳಕು ಹೆಚ್ಚು. ಲೆನ್ಸಿನ ಒಳಗಿನ ಆ ತೂತಿಗೆ ಅಪರ್ಚರ್ ಎನ್ನುತ್ತಾರೆ. ಅಳತೆ ಎಫ್ ಎಂಬ ಅಕ್ಷರದ ಮುಂದೆ: 1.4, 2, 2.8, 4, 5.6, 8, 11, 16. ಒಂದರಿಂದ ಮುಂದಿನದಕ್ಕೆ ಹೋದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಸಂಖ್ಯೆ ದೊಡ್ಡದಾದರೆ ತೂತು ಸಣ್ಣದಾಗುವುದು ಹೇಗೆ ಎಂದು ಹೊಸಬರೆಲ್ಲ ಇಲ್ಲಿ ತಡವರಿಸುತ್ತಾರೆ. ಇದು ಭಾಗಾಕಾರ. ಎರಡು ಪಾಲು ಮಾಡಿದ ತೆಂಗಿನಕಾಯಿಯ ಹೋಳು ಎಂಟು ಪಾಲು ಮಾಡಿದ್ದಕ್ಕಿಂತ ದೊಡ್ಡದಲ್ಲವೇ, ಹಾಗೆ. ಲೆನ್ಸಿನ ಫೋಕಲ್ ಲೆಂಗ್ತನ್ನು ಆ ಸಂಖ್ಯೆಯಿಂದ ಭಾಗಿಸಿದರೆ ತೂತಿನ ಅಗಲ ಸಿಗುತ್ತದೆ. 50 ಮಿಲಿಮೀಟರ್ ಲೆನ್ಸಿನಲ್ಲಿ ಎಫ್ 2 ಅಂದರೆ 25 ಮಿಲಿಮೀಟರ್, ಎಫ್ 8 ಅಂದರೆ ಆರೂಕಾಲು. ತೂತು ದೊಡ್ಡದಾದಾಗ ಹಿಂದಿನದು ಮುಂದಿನದು ಮಸುಕಾಗಿ ಒಂದೇ ಒಂದು ಪದರ ಸ್ಪಷ್ಟವಾಗಿ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಹೊಸಬರಿಗೆ ಅದರ ಮೋಹವೂ ಜಾಸ್ತಿ. ಹಿನ್ನೆಲೆಯನ್ನೆಲ್ಲ ಕರಗಿಸಿ ಮುಖವೊಂದನ್ನೇ ಉಳಿಸಿದ ಫೋಟೊ ಬಂದರಿನಲ್ಲಿ ತೆಗೆದರೂ ಒಂದೇ, ಬೆಂದೂರಿನಲ್ಲಿ ತೆಗೆದರೂ ಒಂದೇ. ಮೊದಲ ವರ್ಷ ಎಫ್ 8ನ್ನು ಬಿಟ್ಟು ಆಚೀಚೆ ಹೋಗದಿದ್ದರೂ ನಷ್ಟವೇನಿಲ್ಲ; ಮನುಷ್ಯರ ಜತೆಗೆ ಅವರ ಜಾಗವೂ ಚಿತ್ರದಲ್ಲಿ ಇರುತ್ತದೆ.

ಬೆಳಕನ್ನು ಎಷ್ಟು ಹೊತ್ತು ಒಳಬಿಡಬೇಕು ಎಂಬ ಶಟರಿನ ಲೆಕ್ಕ ಕಲಿಯಲು ಕಂಬಳದ ಕೋಣಗಳು ಓಡುವ ಕರೆಗೆ ಹೋಗಬೇಕು. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಸೆಕೆಂಡಿಗೆ ಹತ್ತೂವರೆ ಮೀಟರ್ ಆಯಿತು. ಈಗ ಇದನ್ನು ಶಟರಿಗೆ ಹಚ್ಚಿ ನೋಡಿ. ಸೆಕೆಂಡಿನ 60ನೇ ಒಂದು ಭಾಗ ಶಟರ್ ತೆರೆದಿದ್ದರೆ ಅಷ್ಟರಲ್ಲಿ ಕೋಣ 17 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. 250ನೇ ಒಂದು ಭಾಗಕ್ಕೆ 4 ಸೆಂಟಿಮೀಟರ್. 1000ನೇ ಒಂದು ಭಾಗಕ್ಕೆ ಬರೀ ಒಂದು. ಕೆಸರುನೀರಿನ ಹನಿಗಳು ಗಾಳಿಯಲ್ಲಿ ಬಿಡಿಬಿಡಿಯಾಗಿ ನಿಲ್ಲಬೇಕಾದರೆ ಇನ್ನೂ ಒಂದು ಸ್ಟಾಪ್ ಮೇಲೆ, 2000ಕ್ಕೆ ಹೋಗಬೇಕು, ಯಾಕೆಂದರೆ ಗೊರಸಿನಿಂದ ಸಿಡಿದ ನೀರು ಕೋಣಕ್ಕಿಂತ ಜೋರಾಗಿ ಹಾರುತ್ತದೆ. ಈ ಲೆಕ್ಕ ಅಡ್ಡ ನಿಂತು ತೆಗೆಯುವವರಿಗೆ. ಓಟ ಮುಗಿಯುವ ಮಂಜೊಟ್ಟಿಯಲ್ಲಿ ನಿಂತು ನೇರ ಎದುರಿಗೆ ಬರುವ ಜೋಡಿಯನ್ನು ಹಿಡಿಯುವವರಿಗೆ ಅಲುಗಾಟ ಅಷ್ಟು ಕಾಣದು, ಆದರೆ ಫೋಕಸ್ ತಪ್ಪುತ್ತದೆ. ಗುಂಡಿ ಒತ್ತುವಷ್ಟರಲ್ಲಿ ಕೋಣಗಳು ಒಂದು ಮೀಟರ್ ಹತ್ತಿರ ಬಂದಾಗಿರುತ್ತದೆ. ಅಲ್ಲಿ ಫೋಕಸ್ಸನ್ನು ನಿರಂತರ ಹಿಂಬಾಲಿಸುವ ಮೋಡಿನಲ್ಲಿ ಇಟ್ಟುಕೊಳ್ಳಬೇಕು.

ಹಗಲಿನ ಕಂಬಳಕ್ಕೆ ಇಷ್ಟು ಸಾಕು. ರಾತ್ರಿ ಫ್ಲಡ್‌ಲೈಟಿನ ಕೆಳಗೆ ಅದೇ 1000 ಬೇಕೆಂದರೆ ಎಲ್ಲಿಂದಾದರೂ ಬೆಳಕು ತರಬೇಕು: ಒಂದೋ ತೂತು ಹಿಗ್ಗಿಸಬೇಕು, ಇಲ್ಲವೇ ಐಎಸ್‌ಒ ಏರಿಸಬೇಕು. ಐಎಸ್‌ಒ ಏರಿಸಿದರೆ ಬೆಳಕೇನೂ ಹೆಚ್ಚುವುದಿಲ್ಲ. ಸಿಕ್ಕಿದ ಅಲ್ಪ ಸಂಕೇತವನ್ನು ಕ್ಯಾಮೆರಾ ಎತ್ತಿ ತೋರಿಸುತ್ತದೆ, ಜತೆಗೆ ಕಾಳುಕಾಳು ಗ್ರೇನ್ಸನ್ನೂ ಎತ್ತುತ್ತದೆ. ಅದಕ್ಕೆ ಹೆದರಿ ಐಎಸ್‌ಒ 400ರಲ್ಲೇ ಕುಳಿತು ಅಲುಗಿದ ಚಿತ್ರ ತರುವವರನ್ನು ಕಂಡರೆ ಬೇಸರವಾಗುತ್ತದೆ. ಗ್ರೇನ್ಸ್ ಬಂದ ಚಿತ್ರವನ್ನು ಪತ್ರಿಕೆಗಳು ಮುದ್ರಿಸಿವೆ, ಮುದ್ರಿಸುತ್ತಲೇ ಇವೆ; ಶೇಕ್ ಆದದ್ದನ್ನು ಯಾರೂ ಸರಿಮಾಡಲಾರರು. ಹಿಂದಿನವರಿಗೆ ಹೀಗೆ ಐಎಸ್‌ಒ ಏರಿಸುವ ಅನುಕೂಲವೂ ಇರಲಿಲ್ಲ. ಬಾಸೆಲ್ ಮಿಷನ್ನಿನ ದಾಖಲೆಗಳಲ್ಲಿ ಮಂಗಳೂರಿನ ಹಳೆಯ ಫೋಟೊಗಳಿವೆ. 1851ರಲ್ಲಿ ಬಂದ ವೆಟ್ ಪ್ಲೇಟ್ ತಂತ್ರದಲ್ಲಿ ಸೆಕೆಂಡುಗಟ್ಟಲೆ ಬೆಳಕು ಬಿಡಬೇಕಿತ್ತು. ಹತ್ತೊಂಬತ್ತನೆಯ ಶತಮಾನದ ಚಿತ್ರಗಳಲ್ಲಿ ಜನ ಬಿಗಿದುಕೊಂಡು ನಿಂತಿರುವುದಕ್ಕೆ ಗಾಂಭೀರ್ಯಕ್ಕಿಂತ ಇದೇ ದೊಡ್ಡ ಕಾರಣ. ಅಷ್ಟು ಹೊತ್ತು ಬೆಳಕು ಬಿಟ್ಟು ಕಂಬಳದ ಓಟವನ್ನು ಹಿಡಿಯಲು ಯಾರಿಗೂ ಆಗುತ್ತಿರಲಿಲ್ಲ.

ಯಕ್ಷಗಾನದ ರಂಗಸ್ಥಳದಲ್ಲಿ ಬೇರೆಯೇ ಸಮಸ್ಯೆ. ಎಲ್‌ಇಡಿ ದೀಪಗಳು ಬಂದ ಮೇಲೆ ಎಷ್ಟೋ ಫೋಟೊಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟಿಗಳು ಬೀಳುತ್ತಿವೆ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತದ್ದು, ಹಾಗಾಗಿ ಅದರಿಂದ ಉರಿಯುವ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ಅದಕ್ಕಿಂತ ವೇಗವಾದರೆ ಚಿತ್ರದ ಒಂದು ಭಾಗಕ್ಕೆ ದೀಪದ ಏರು, ಇನ್ನೊಂದಕ್ಕೆ ಇಳಿತ. ಶಟರನ್ನು 100ನೇ ಒಂದು ಭಾಗಕ್ಕೋ 50ನೇ ಒಂದು ಭಾಗಕ್ಕೋ ಇಳಿಸಿದರೆ ಪಟ್ಟಿ ಹೋಗುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರನ್ನು ಬಿಟ್ಟು ಮೆಕ್ಯಾನಿಕಲ್ ಶಟರ್ ಬಳಸಿದರೂ ಬಹಳ ಕಡಿಮೆಯಾಗುತ್ತದೆ. ಆದರೆ 100ರಲ್ಲಿ ಧೀಂಗಿಣ ಹಾಕಿ ಗಿರಕಿ ಹೊಡೆಯುವ ವೇಷ ನಿಲ್ಲುವುದೆಲ್ಲಿ? ನಿಲ್ಲದು. ಹಾಗಾಗಿ ಧೀಂಗಿಣವನ್ನು ಅದರ ಸುಳಿಯೊಂದಿಗೇ, 30ನೇ ಒಂದು ಭಾಗಕ್ಕೆ ಇನ್ನೂ ನಿಧಾನ ಮಾಡಿ ತೆಗೆಯಬಹುದು. ವೇಷ ಒಂದು ಗಳಿಗೆ ಕಣ್ಣರಳಿಸಿ ನಿಂತ ಹೊತ್ತನ್ನು 100ರಲ್ಲಿ ಹಿಡಿಯಬಹುದು. ಯಾವ ಹೊತ್ತು ನಿಲುಗಡೆ ಬರುತ್ತದೆ ಎಂಬುದು ಆಟ ನೋಡಿ ಬಲ್ಲವರಿಗೆ ಚೆಂಡೆಯ ಪೆಟ್ಟಿನಿಂದಲೇ ತಿಳಿಯುತ್ತದೆ. ಬಣ್ಣದ ವೇಷದ ಮುಖದಲ್ಲಿ ಬಿಳಿ ಚುಟ್ಟಿ ಬೇಗ ಸುಡುತ್ತದೆ, ಹಿಂದೆ ಕತ್ತಲಿದ್ದರಂತೂ ಇನ್ನೂ ಬೇಗ. ಅಲ್ಲಿಯೂ ಜಡೆಯ ಲೆಕ್ಕವೇ, ಮೈನಸ್. ಕಲಿಯುವವರಿಗೆ ರಂಗಸ್ಥಳಕ್ಕಿಂತ ವೇಷ ಕಟ್ಟುವ ಚೌಕಿ ಒಳ್ಳೆಯದು. ಕಲಾವಿದರ ಒಪ್ಪಿಗೆ ಕೇಳಿ ಮೂಲೆಯಲ್ಲಿ ಕೂತರೆ, ಪೆಟ್ಟಿಗೆಯ ಮುಂದೆ ಕೂತು ಕನ್ನಡಿ ನೋಡುತ್ತ ಬಣ್ಣ ಹಾಕಿಕೊಳ್ಳುವ ಮುಖಗಳು ಒಂದೇ ಬದಿಯ ದೀಪದಲ್ಲಿ ಬೇಕಾದಷ್ಟು ಹೊತ್ತು ಕದಲದೆ ಇರುತ್ತವೆ. ದೈವದ ಕೋಲ ನಡೆಯುವ ಅಂಗಳದಲ್ಲಿ ಮಾತ್ರ ಕೇಳದೆ ಕ್ಯಾಮೆರಾ ತೆಗೆಯಲೇಬಾರದು. ಒಪ್ಪಿಗೆ ಸಿಕ್ಕರೂ ಫ್ಲಾಶ್ ಬೇಡ. ದೊಂದಿಯ ಬೆಳಕಿನಲ್ಲಿ ಕಾಣಬೇಕೆಂದೇ ಬರೆದ ಮುಖವರ್ಣಿಕೆಯದು. ಫ್ಲಾಶು ಒಂದೇ ಏಟಿಗೆ ಆ ನೆರಳುಗಳನ್ನೆಲ್ಲ ಅಳಿಸಿಬಿಡುತ್ತದೆ.

ನೆರಳಿಲ್ಲದೆ ಆಕಾರವಿಲ್ಲ ಎಂಬುದನ್ನು ನೋಡಬೇಕೆಂದರೆ ಮಂಗಳೂರಿನ ಲೈಟ್‌ಹೌಸ್ ಗುಡ್ಡದ ಸೇಂಟ್ ಅಲೋಶಿಯಸ್ ಚಾಪೆಲಿಗೆ ಹೋಗಿ. ಇಟಲಿಯ ಆಂಟೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಗೋಡೆ ಮಾಡುಗಳ ತುಂಬ ಬರೆದ ಚಿತ್ರಗಳಲ್ಲಿ ಪ್ರತಿ ಮುಖಕ್ಕೂ ಬೆಳಕು ಎತ್ತ ಕಡೆಯಿಂದ ಬರುತ್ತಿದೆ, ನೆರಳು ಎಲ್ಲಿ ಮುಗಿಯುತ್ತದೆ ಎಂದು ಗಮನಿಸುತ್ತ ಅರ್ಧ ಗಂಟೆ ಕೂರಬಹುದು. ಕ್ಯಾಮೆರಾ ಚೀಲದಲ್ಲೇ ಇರಲಿ.

ಪಣಂಬೂರು, ತಣ್ಣೀರುಬಾವಿ ಕಡಲತೀರಗಳಲ್ಲಿ ಸಂಜೆ ನಡೆಯುವುದು ನಿಮಗೆ ಗೊತ್ತೇ ಇದೆ. ಮನೆಮಂದಿಯನ್ನೆಲ್ಲ ಕಡಲಿಗೆ ಬೆನ್ನುಹಾಕಿ ನಿಲ್ಲಿಸಿ, ಮುಳುಗುವ ಸೂರ್ಯನೂ ಬರಬೇಕು, ಮುಖಗಳೂ ಬರಬೇಕು ಎಂದು ಮೊಬೈಲ್ ಹಿಡಿಯುತ್ತಾರೆ. ಎರಡರ ಬೆಳಕಿನ ನಡುವಿನ ಅಂತರ ಸೆನ್ಸರಿನ ತಾಕತ್ತಿಗೆ ಮೀರಿದ್ದು. ಈಗಿನ ಫೋನುಗಳು ಒಂದೇ ಒತ್ತಿಗೆ ಹಲವು ಚಿತ್ರ ತೆಗೆದು, ಆಕಾಶವನ್ನು ಒಂದರಿಂದ, ಮುಖವನ್ನು ಇನ್ನೊಂದರಿಂದ ಹೆಕ್ಕಿ ಹೊಲಿದು ಕೊಡುತ್ತವೆ. ನೆನಪಿಗೆ ಇಟ್ಟುಕೊಳ್ಳಲು ಅದಾದೀತು. ಕಲಿಯುವವರು ಎರಡರಲ್ಲಿ ಒಂದನ್ನು ಆರಿಸಲಿ. ಆಕಾಶ ಬೇಕೆಂದರೆ ಸೂರ್ಯನನ್ನು ಬಿಟ್ಟು ಅದರ ಪಕ್ಕದ ಮೋಡಕ್ಕೆ ಮೀಟರ್ ಹಿಡಿದು, ಮಕ್ಕಳು ಕಪ್ಪು ಆಕೃತಿಗಳಾಗಿ ಬರಲಿ ಎಂದು ಒಪ್ಪಿಕೊಂಡು ತೆಗೆಯಿರಿ. ಮುಖ ಬೇಕೆಂದರೆ ಎಲ್ಲರನ್ನೂ ಕಡಲಿನ ಕಡೆ ತಿರುಗಿಸಿ. ಐದೂವರೆಯ ನಂತರದ ಬಿಸಿಲು ಕಣ್ಣಿಗೆ ಚುಚ್ಚುವುದಿಲ್ಲ, ಕೆನ್ನೆಯ ಮೇಲೆ ಹದವಾಗಿ ಬೀಳುತ್ತದೆ. ಸೂರ್ಯನ ಕೆಳ ಅಂಚು ನೀರಿಗೆ ಮುಟ್ಟಿದ ಮೇಲೆ ಪೂರ್ತಿ ಮುಳುಗಲು ನಮ್ಮ ಅಕ್ಷಾಂಶದಲ್ಲಿ ಎರಡು ನಿಮಿಷಕ್ಕೆ ಸ್ವಲ್ಪ ಹೆಚ್ಚು ಸಾಕು, ಆದ್ದರಿಂದ ಆಯ್ಕೆಯನ್ನು ಮೊದಲೇ ಮಾಡಿಕೊಂಡಿರಬೇಕು.

ಮುಖದ ಮಾತು ಬಂದಾಗ ಒಂದು ವಿಷಯ ಹೇಳಲೇಬೇಕು. ನಮ್ಮ ಮದುವೆಯ ಆಲ್ಬಮ್ಮುಗಳಲ್ಲಿ ಕಪ್ಪು ಚರ್ಮವೇ ಇಲ್ಲ. ಮದುವೆಗೆ ಮೊದಲಿನ ರೋಸ್ ಶಾಸ್ತ್ರದ ದಿನ ತೆಂಗಿನಹಾಲು ಹಚ್ಚಿಸಿಕೊಂಡು ಮಿರಿಮಿರಿ ಮಿಂಚುತ್ತಿದ್ದ ಮದುಮಗಳು ಆಲ್ಬಮ್ಮಿನಲ್ಲಿ ಗೋಧಿಹಿಟ್ಟಿನ ಬಣ್ಣಕ್ಕೆ ಬಂದಿರುತ್ತಾಳೆ. ಇದರ ಮೂಲ ಹಳೆಯದು. ಕೊಡಾಕ್ ಕಂಪನಿ ಬಣ್ಣ ಹೊಂದಿಸಲೆಂದು ಲ್ಯಾಬುಗಳಿಗೆ ಕಳಿಸುತ್ತಿದ್ದ ಶರ್ಲಿ ಕಾರ್ಡುಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಣ್ಣಿನ ಮುಖ. ಇಂದು ಅಂಥ ನೆಪವೇನೂ ಇಲ್ಲ. ಕಪ್ಪು ಮುಖದ ಚೆಲುವು ಹಣೆಯ, ಕೆನ್ನೆಯ ಏರಿನ ಹೊಳಪಿನಲ್ಲಿದೆ. ಹೆಚ್ಚು ಬೆಳಕು ಬಿಟ್ಟು ಬೆಳ್ಳಗೆ ಮಾಡಿದೊಡನೆ ಆ ಹೊಳಪು ಸಮತಟ್ಟಾಗುತ್ತದೆ. ಪಕ್ಕದಿಂದ ಬರುವ ಮೃದು ಬೆಳಕಿನಲ್ಲಿ ಕೂರಿಸಿ, ಒಂದೇ ಜಾಗದ ಬೆಳಕನ್ನು ಅಳೆಯುವ ಸ್ಪಾಟ್ ಮೀಟರನ್ನು ಮುಖಕ್ಕೇ ಹಿಡಿದು, ಮೈನಸ್ ಮುಕ್ಕಾಲಿನಿಂದ ಒಂದರವರೆಗೆ ಕೊಟ್ಟು ನೋಡಿ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪು ಬಿಳುಪು ಚಿತ್ರಗಳನ್ನು ಎಲ್ಲಿ ಸಿಕ್ಕಿದರೂ ಬಿಡದೆ ನೋಡಿ. ನಮ್ಮ ಜನರ ಮುಖಗಳು ಅಲ್ಲಿ ತಮ್ಮದೇ ಬಣ್ಣದಲ್ಲಿವೆ. ಬಿಳಿ ಗೌನು, ಕಪ್ಪು ಸೂಟು, ನಡುವೆ ಎರಡು ಮುಖ ಇರುವ ಮಂಗಳೂರಿನ ಇಗರ್ಜಿ ಮದುವೆಯ ಚಿತ್ರ ಮಲ್ಲಿಗೆ ಜಡೆಗಿಂತಲೂ ಕಷ್ಟದ ಪರೀಕ್ಷೆ. ಗೌನಿನ ಲೇಸು ಉಳಿಯುವಂತೆ ತೆಗೆಯಿರಿ, ಸೂಟಿನ ಮಡಿಕೆಯನ್ನು ಆಮೇಲೆ ಎತ್ತಬಹುದು. ಫಿಲ್ಮಿನ ಕಾಲದಲ್ಲಿ ನೆಗೆಟಿವ್‌ಗೆ ಲೆಕ್ಕ ಉಲ್ಟಾ ಇತ್ತು: ಕತ್ತಲಲ್ಲಿ ಬಿಟ್ಟದ್ದು ಮತ್ತೆ ಸಿಗುತ್ತಿರಲಿಲ್ಲ. ಡಿಜಿಟಲ್‌ನಲ್ಲಿ ಸುಟ್ಟುಹೋದ ಬಿಳಿ ಮತ್ತೆ ಸಿಗುವುದಿಲ್ಲ. ಕ್ಯಾಮೆರಾದ ಹಿಂದಿನ ತೆರೆಯಲ್ಲಿ ಕಪ್ಪು ಬಿಳಿಯ ಹಂಚಿಕೆ ತೋರಿಸುವ ಹಿಸ್ಟೋಗ್ರಾಮಿನಲ್ಲಿ ಗುಡ್ಡ ಬಲಗೋಡೆಗೆ ಆತು ನಿಂತಿದ್ದರೆ ಬೆಳಕು ಓವರ್ ಆಗಿದೆ ಎಂದರ್ಥ.

ಇನ್ನು, ಕಲಿಯಲು ಯಾವ ಕಾಲ ಒಳ್ಳೆಯದು ಎಂದು ಕೇಳಿದರೆ ಮಳೆಗಾಲ ಎನ್ನುತ್ತೇನೆ. ಮಳೆಗೆ ಹೆದರಿ ಕ್ಯಾಮೆರಾವನ್ನು ಕಪಾಟಿನಲ್ಲಿ ಇಡುವವರೇ ಹೆಚ್ಚು, ಅದು ಅಲ್ಲಿಯೇ ಹಾಳಾಗುವುದು. ಕರಾವಳಿಯ ತೇವದಲ್ಲಿ ಮುಚ್ಚಿಟ್ಟ ಲೆನ್ಸಿನೊಳಗೆ ಜೇಡರ ಬಲೆಯಂಥ ಫಂಗಸ್ ಹಬ್ಬುತ್ತದೆ, ಗಾಜಿನ ಲೇಪವನ್ನು ತಿನ್ನುತ್ತದೆ. ಚರ್ಮದ ಚೀಲದಲ್ಲಿ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವ ತೋರಿಸುವ ಒಂದು ಸಣ್ಣ ಮೀಟರ್ ಇದ್ದರೆ ಆಯಿತು; ಶೇ 40ರಿಂದ 50ರ ನಡುವೆ ನಿಲ್ಲಿಸಿ. ಎಸಿ ಕಾರಿನಿಂದ ಇಳಿದ ಕೂಡಲೇ ಚೀಲ ಬಿಚ್ಚಿದರೆ ಗಾಜಿಗೆ ಮಂಜು ಹಿಡಿಯುತ್ತದೆ, ಸ್ವಲ್ಪ ಹೊತ್ತು ಹಾಗೇ ಬಿಡಿ.

ಮೋಡ ಕವಿದ ಬೆಳಕು ಎಲ್ಲ ಕಡೆಯಿಂದಲೂ ಒಂದೇ ಸಮ ಬರುತ್ತದೆ, ಹಾಗಾಗಿ ಸುಟ್ಟದ್ದು, ಕಂದಿದ್ದು ಎಂಬ ತಾಪತ್ರಯ ಅರ್ಧ ಕಡಿಮೆ. ಬಿಳಿ ಆಕಾಶವನ್ನು ಫ್ರೇಮಿನಿಂದ ಹೊರಗಿಟ್ಟರೆ ಮುಕ್ಕಾಲು ಗೆದ್ದಂತೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಆಗ ಬಂದರಿನ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ನೀಲಿ, ಕೆಂಪು, ಹಳದಿ ಬಣ್ಣಗಳು ಮಳೆನೀರಲ್ಲಿ ತೊಯ್ದು ಬೇಸಗೆಯಲ್ಲಿ ಎಂದೂ ಕಾಣದಷ್ಟು ಗಾಢವಾಗಿರುತ್ತವೆ. ಐಎಸ್‌ಒ 400, ಎಫ್ 5.6, 125ನೇ ಒಂದು ಭಾಗದಿಂದ ಶುರುಮಾಡಿ. ಮಳೆ ಗೆರೆಗಳಾಗಿ ಬೀಳಬೇಕೆಂದರೆ ಕಪ್ಪು ಒಡಲಿನ ಬೋಟನ್ನು ಹಿನ್ನೆಲೆಗೆ ಇಟ್ಟು ಶಟರನ್ನು 60ಕ್ಕೆ ಇಳಿಸಿ. ಬಲೆ ಹೆಣೆಯುತ್ತ ಕೂತವರನ್ನು ಕೇಳಿದರೆ ಹೆಚ್ಚಿನವರು ಬೇಡ ಎನ್ನುವುದಿಲ್ಲ, ಆಮೇಲೆ ಆ ಚಿತ್ರವನ್ನು ಅವರಿಗೆ ತಲುಪಿಸುವುದನ್ನು ಮರೆಯಬೇಡಿ. ಆಗಸ್ಟಿನಲ್ಲಿ ಬೋಟುಗಳು ಹೊರಟು ಮೀನು ಇಳಿಯತೊಡಗಿದಾಗ ಅದೇ ಜಾಗಕ್ಕೆ ಬೆಳಕು ಹರಿಯುವ ಮೊದಲು ಹೋಗಿ. ಒದ್ದೆ ಕಪ್ಪು ನೆಲದ ಮೇಲೆ ಬಂಗುಡೆ, ಬೂತಾಯಿಯ ರಾಶಿ, ಮೇಲೆ ಒಂದು ದೀಪ. ಮೀಟರ್ ನೆಲವನ್ನು ನೋಡಿ ಬೆಳಕು ಸಾಲದು ಎನ್ನುತ್ತದೆ. ಮೈನಸ್ ಒಂದೂವರೆಗೆ ಇಳಿಸಿ, ಬಂಗುಡೆಯ ಬೆನ್ನಿನ ನೀಲಿ ಗೆರೆ ಕಾಣುತ್ತದೋ ಇಲ್ಲವೋ ನೋಡಿ. ಕಾಣದಿದ್ದರೆ ಇನ್ನೂ ಅರ್ಧ ಇಳಿಸಿ.